ಜಡ್ಡಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ

1

ಎಲ್ಲಿಂದ ಶುರು ಮಾಡಲಿ ಎಂದು ಕೇಳಿದರೆ ನೀವು 'ಮೊದಲಿಂದ' ಎನ್ನುತ್ತೀರಿ. ಮೊದಲು ಎಲ್ಲಿದೆ ಎಂದು ಗೊತ್ತಿದ್ದರೆ ಕಥೆ ಯಾಕೆ ಬರೆಯುತ್ತಿದ್ದೆ, ರಿಪೋರ್ಟ್ ಬರೆಯುತ್ತಿದ್ದೆ. (ರಿಪೋರ್ಟಿನಲ್ಲಿ ನಾನು ಪಳಗಿದವನು. ಈ ಕಥೆಯ ತೊಂದರೆಯೆಲ್ಲ ಅಲ್ಲಿಂದಲೇ ಬಂದದ್ದು.)

ಒಂದು ಪ್ರಯತ್ನ: "ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಬೆಳಗಿನ ಸೈರನ್ ಕೂಗುತ್ತಿದ್ದಂತೆ ಸಾವಿರ ಹೆಂಗಸರ ಚಪ್ಪಲಿಗಳ ಸದ್ದು..." ಹೊಡೆದು ಹಾಕಿದೆ. ಸೈರನ್ ಇರಲಿಲ್ಲ, ಬೆಲ್ ಇತ್ತು. ಚಪ್ಪಲಿ ಸದ್ದು ಎಚ್‌ಆರ್ ರೂಮಿನೊಳಗೆ ಕೇಳಿಸುವುದಿಲ್ಲ. ಅಲ್ಲಿ ಎಸಿ ಇದೆ. ನನಗೆ ಹೇಗೆ ಗೊತ್ತು ಎಂದು ಈಗಲೇ ಕೇಳಬೇಡಿ.

2

ವಿಷಯ ಇಷ್ಟು. ವರ್ಷ 2012. ದುರ್ಗವ್ವ ಯಲಬುರ್ಗಾ ಕಡೆಯವಳು. ನಾಲ್ಕು ವರ್ಷದಿಂದ ಅದೇ ಫ್ಯಾಕ್ಟರಿಯಲ್ಲಿ ಶರ್ಟಿಗೆ ಕಾಲರ್ ಕೂರಿಸುತ್ತಿದ್ದಳು. ಬಸ್ಸು ತಡವಾಗಿ ಎರಡು ಸಲ ಮೆಮೊ ತೆಗೆದುಕೊಂಡಿದ್ದಳು. ಮೂರನೆಯದು ಬಂದರೆ ವಿಚಾರಣೆ. ವಿಚಾರಣೆಯಲ್ಲಿ ತಪ್ಪು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ.

ಒಂದು ವಾರ ಅವಳು ಸೋಮವಾರ, ಮಂಗಳವಾರ ಬರಲಿಲ್ಲ. ಬುಧವಾರ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಂದಳು: "ಸಾಹೇಬರಿಗೆ ಶರಣು. ನನಗ ಜಡ್ಡು ಆಗಿತ್ತು. ಅದಕ್ಕ ಎರಡು ದಿನ ಸೂಟಿ ಮಾಡೀನಿ. ಮಾಫ್ ಮಾಡಬೇಕು."

ಆ ತಿಂಗಳು ಫಾರಿನ್ ಬೈಯರ್ ಕಡೆಯಿಂದ ಆಡಿಟ್ ಇತ್ತು. ಕಾರ್ಮಿಕರು ಕ್ಷೇಮವಾಗಿದ್ದಾರೆಯೇ ಎಂದು ನೋಡಲು ಬರುತ್ತಿದ್ದರು. ಅವರು ಓದಬೇಕೆಂದು ಪ್ರತಿ ರಜೆ ಚೀಟಿಯನ್ನೂ ಇಂಗ್ಲಿಷಿಗೆ ಟೈಪ್ ಮಾಡಬೇಕಿತ್ತು. ಮಾಡಿದವನು ಪರಮಾನಂದ ಎಂಬ ಎಚ್‌ಆರ್ ಎಕ್ಸಿಕ್ಯುಟಿವ್, ಮಂಡ್ಯದವನು, ಇನ್ನೂ ಪ್ರೊಬೇಷನ್ನಿನಲ್ಲಿದ್ದ. 'ಸೂಟಿ' ಅವನಿಗೆ ಗೊತ್ತಿರಲಿಲ್ಲ, ಆದರೆ ರಜೆ ಇರಬೇಕೆಂದು ಸರಿಯಾಗಿ ಊಹಿಸಿದ. 'ಜಡ್ಡು' ಗೊತ್ತಿತ್ತು. ಎಡವಟ್ಟಾದದ್ದು ಅಲ್ಲೇ. ಅವನ ಊರಿನಲ್ಲಿ ಜಡ್ಡು ಹಿಡಿದವನೆಂದರೆ ಮೈಗಳ್ಳ, ಕೂತಲ್ಲಿಂದ ಏಳಲು ಬೇಜಾರು ಪಡುವವನು. ಕಾರಣದ ಕಾಲಂನಲ್ಲಿ ಟೈಪಿಸಿದ: "ವರ್ಕರ್ ವಾಸ್ ಫೀಲಿಂಗ್ ಲೇಜಿ." ಪರವಾಗಿಲ್ಲ, ಪ್ರಾಮಾಣಿಕ ಹೆಂಗಸು ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡ ಕೂಡ.

ಗುರುವಾರ ಮೂರನೆಯ ಮೆಮೊ ಹೋಯಿತು.

(ನಮ್ಮ ಕಡೆ ಜ್ವರ ಬಂದವನಿಗೆ 'ಹುಷಾರಿಲ್ಲ' ಎನ್ನುತ್ತೇವೆ. ಪದ ಹಿಡಿದು ಟೈಪ್ ಮಾಡಿದರೆ ಅವನು ದಡ್ಡ ಎಂದಾಗುತ್ತದೆ. ಇದುವರೆಗೆ ಯಾರಿಗೂ ಅದಕ್ಕಾಗಿ ಮೆಮೊ ಕೊಟ್ಟಿಲ್ಲ.)

3

ಇಲ್ಲಿಯವರೆಗೆ ಬರೆದು ಟೀ ಕುಡಿಯಲು ಎದ್ದಾಗ ದುರ್ಗವ್ವ ಮೇಜಿನ ಪಕ್ಕ ನಿಂತಿದ್ದಳು. ಪಾತ್ರಗಳು ಹೀಗೆ ಬರುವುದು ಹಳೆಯ ತಂತ್ರ ಎಂದು ನನಗೂ ಗೊತ್ತು. ಬಂದವಳಿಗೆ ಹೋಗು ಎನ್ನಲು ಆಗಲಿಲ್ಲ.

"ಯಾರ್ರೀ ಈ ಪರಮಾನಂದ?"

"ಒಂದು ಪಾತ್ರ ಕಣಮ್ಮ."

"ಅವತ್ತ ಆ ಕಂಪ್ಯೂಟರ್ ಮುಂದ ನೀವ ಕುಂತಿದ್ರಲ್ರಿ ಸರ."

ಸರಿ. ಪರಮಾನಂದನನ್ನು ಕಥೆಯಿಂದ ತೆಗೆದಿದ್ದೇನೆ. ಮೇಲೆ ಅವನ ಹೆಸರಿದ್ದಲ್ಲೆಲ್ಲ 'ನಾನು' ಎಂದು ಓದಿಕೊಳ್ಳಿ. ಮೆಚ್ಚಿಕೊಂಡದ್ದೂ ನಾನೇ.

4

ತಿಳಿಯದೆ ಮಾಡಿದ ತಪ್ಪು, ಬಿಡಿ ಎನ್ನುವ ಓದುಗರಿಗೆ ಶುಕ್ರವಾರದ ಸಂಗತಿ ಹೇಳಬೇಕು. ಅಂದು ಕ್ಯಾಂಟೀನಿನಲ್ಲಿ ಸ್ಟೋರ್ಸಿನ ವೀರೇಶ್ ಎದುರು ಕೂತಿದ್ದ. ರಾಣೆಬೆನ್ನೂರಿನವನು. ತಮಾಷೆಗೆಂದು ಅವನಿಗೆ ಚೀಟಿಯ ಕಥೆ ಹೇಳಿದೆ. ಅವನು ನಗಲಿಲ್ಲ.

"ಜಡ್ಡು ಅಂದ್ರೆ ಹುಷಾರಿಲ್ಲ ಅಂತ ಕಣ್ರೀ. ನಮ್ ಕಡೆ ಕಾಯಿಲೆಗೆ ಜಡ್ಡು ಅಂತಾರೆ. ಏನ್ ಮಾಡ್ಬಿಟ್ರಿ ನೀವು!"

"ಸರಿ ಮಾಡ್ತೀನಿ ಬಿಡಿ," ಎಂದೆ. ಮೊಸರನ್ನ ಮುಗಿಸಿದೆ. ಕಂಪ್ಯೂಟರಿನಲ್ಲಿ ಒಂದು ಪದ ಅಳಿಸಿ ಇನ್ನೊಂದು ಹಾಕಲು ಒಂದು ನಿಮಿಷ ಬೇಕು. ಆದರೆ ಮೆಮೊ ಹೊರಟಾಗಿತ್ತು. ಅದನ್ನು ವಾಪಸ್ ತೆಗೆದುಕೊಳ್ಳಬೇಕಾದರೆ ತಪ್ಪು ಯಾರದೆಂದು ಬರೆಯಬೇಕು. ನನ್ನ ಕನ್ಫರ್ಮೇಷನ್ ಲೆಟರ್ ಮುಂದಿನ ತಿಂಗಳಿಗಿತ್ತು. ನಾನು ಹೆದರಿದೆ. ಇದಕ್ಕಿಂತ ಗೌರವದ ಪದ ಹುಡುಕಿದೆ, ಸಿಗಲಿಲ್ಲ.

ಶನಿವಾರ ಹನ್ನೊಂದು ಗಂಟೆಗೆ ವಿಚಾರಣೆ. ಮ್ಯಾನೇಜರ್, ಲೈನ್ ಸೂಪರ್‌ವೈಸರ್ ಮುನಿಯಣ್ಣ, ಬರೆದುಕೊಳ್ಳಲು ನಾನು. ದುರ್ಗವ್ವ ನಿಂತಿದ್ದಳು.

"ಈ ಚೀಟಿ ನೀನೇ ಬರೆದಿದ್ದಾ?"

"ಹೌದ್ರಿ."

"ಜಡ್ಡು ಅಂತ ಬರ್ದಿದೀಯ."

"ಹೌದ್ರಿ ಸರ, ಜಡ್ಡ ಆಗಿತ್ತು. ಭಾಳ ಜಡ್ಡ ಆಗಿತ್ತು. ಏಳಾಕ ಆಗಲಿಲ್ಲ."

ಮ್ಯಾನೇಜರ್ ನನ್ನತ್ತ ನೋಡಿದರು. ಅವರೂ ನಮ್ಮ ಕಡೆಯವರು. ಎಷ್ಟು ಧೈರ್ಯ ನೋಡಿ ಎಂಬಂತೆ ಹುಬ್ಬೇರಿಸಿದರು. ಮುನಿಯಣ್ಣ ತಲೆ ಕೆರೆದುಕೊಂಡ. "ಕೆಲ್ಸದಲ್ಲಿ ಏನೂ ಮಾತಿಲ್ಲ ಸಾರ್, ಕೈ ಸಕ್ಕತ್ ಕ್ಲೀನು. ಆದ್ರೆ ಆಯಮ್ಮನೇ ಒಪ್ಕೊಂಡ್ಮೇಲೆ ನಾನೇನ್ ಯೋಳ್ಲಿ?"

ಆ ರೂಮಿನಲ್ಲಿ ನಾಲ್ವರಿದ್ದೆವು, ನಾಲ್ವರೂ ಕನ್ನಡದವರು. ಅಲ್ಲಿ ಏನಾಗುತ್ತಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಬರೆದುಕೊಂಡೆ: "ಅಡ್ಮಿಟೆಡ್."

ಇದನ್ನು ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ. (ಕಥೆಗಾರ ಇಂಥ ಕಡೆ ನಿರ್ಲಿಪ್ತನಾಗಿರಬೇಕಂತೆ. ಅಂದು ಆ ರೂಮಿನಲ್ಲಿ ನಾನು ಸಾಕಷ್ಟು ನಿರ್ಲಿಪ್ತನಾಗಿದ್ದೆ.)

5

ಮುಕ್ತಾಯಗಳು. ನಿಮಗೆ ಬೇಕಾದದ್ದು ಆರಿಸಿಕೊಳ್ಳಬಹುದು ಎನ್ನುವವನಿದ್ದೆ, ಆದರೆ ದುರ್ಗವ್ವ ಇನ್ನೂ ಹೋಗಿಲ್ಲ.

ಅ) ನಾನು ಥಟ್ಟನೆ ಎದ್ದು, "ಸಾರ್, ತಪ್ಪು ನನ್ನದು" ಎನ್ನುತ್ತೇನೆ. ಮ್ಯಾನೇಜರ್ ಮೆಮೊ ಹರಿಯುತ್ತಾರೆ. ಮುನಿಯಣ್ಣನ ಕಣ್ಣಲ್ಲಿ ನೀರು.

"ನೀವು ಎದ್ದಿದ್ದು ಖರೇನ. ಎಸಿ ಜಾಸ್ತಿ ಮಾಡಾಕ ಎದ್ರಿ."

ಆ) ಅವಳು ಲೇಬರ್ ಆಫೀಸಿಗೆ ಹೋಗುತ್ತಾಳೆ. ಯೂನಿಯನ್ನು ಬೆನ್ನಿಗೆ ನಿಲ್ಲುತ್ತದೆ. ಒಂದು ಪದಕ್ಕಾಗಿ ಇಡೀ ಫ್ಯಾಕ್ಟರಿಯ ಮಷೀನುಗಳು ನಿಲ್ಲುತ್ತವೆ.

"ಹೊಸೂರು ರೋಡಿನಾಗ ಬಸ್ ನಿಂತರ ಮೆಮೊ ಕೊಡ್ತೀರಿ. ಮಷೀನ್ ಯಾವ ಪುಣ್ಯಾತ್ಮ ನಿಲ್ಲಸ್ತಾನ್ರಿ?"

ಇ) ಆಡಿಟಿಗೆ ಬಂದವರು ಫೈಲಿನಲ್ಲಿ 'ಲೇಜಿ' ಓದಿ, "ಇಷ್ಟು ನಿರ್ಭಯವಾಗಿ ನಿಜ ಹೇಳುವ ವಾತಾವರಣವಿದೆಯಲ್ಲ" ಎಂದು ಫ್ಯಾಕ್ಟರಿಗೆ ಹೆಚ್ಚು ಅಂಕ ಕೊಡುತ್ತಾರೆ. (ಅಂಕ ಕೊಟ್ಟದ್ದು ನಿಜ. ಕಾರಣ ನನಗೆ ಗೊತ್ತಿಲ್ಲ.)

ದುರ್ಗವ್ವನ ಕಡೆ ತಿರುಗಿದೆ.

"ಹಾಗಾದರೆ ನೀನೇ ಹೇಳಮ್ಮ, ಹೇಗೆ ಮುಗಿಸಲಿ? ಬೇಕಾದರೆ ಕೆಲಸ ವಾಪಸ್ ಕೊಡಿಸುತ್ತೇನೆ. ಸೂಪರ್‌ವೈಸರ್ ಮಾಡುತ್ತೇನೆ. ಕಥೆ ನನ್ನ ಕೈಯಲ್ಲಿದೆ."

"ಅವತ್ತೂ ನಿಮ್ಮ ಕೈಯಾಗ ಇತ್ತಲ್ರಿ." ಹಾಳೆಗಳತ್ತ ಕೈ ತೋರಿಸಿ ಕೇಳಿದಳು, "ಜಡ್ಡು ಅಂದ್ರ ಏನಂತ ಇಷ್ಟ ಉದ್ದಕ ಬರದೀರಿ. ನನಗ ಏನ ಜಡ್ಡ ಆಗಿತ್ತು ಅಂತ ಯಾರರ ಕೇಳಿದ್ರೇನ್ರಿ ಸರ?"

ಹಾಳೆಗಳನ್ನು ತಿರುವಿ ನೋಡಿದೆ. ಮ್ಯಾನೇಜರ್ ಕೇಳಿಲ್ಲ. ಮುನಿಯಣ್ಣ ಕೇಳಿಲ್ಲ. ಪದ ಗೊತ್ತಿದ್ದ ವೀರೇಶನೂ ಕೇಳಿಲ್ಲ. ಇಷ್ಟು ವರ್ಷ ಈ ಪದವನ್ನು ತಲೆಯಲ್ಲಿ ಹೊತ್ತುಕೊಂಡು ತಿರುಗಿದ ನನಗೂ ಹೊಳೆದಿಲ್ಲ. ನೀವು ಕೇಳಿದಿರಾ ಎಂದು ನಿಮ್ಮನ್ನು ಕೆಣಕಬಹುದಿತ್ತು, ಬೇಡ.

"ಏನಾಗಿತ್ತಮ್ಮ?" ಎಂದೆ.

ಅವಳು ಹೇಳುವವಳಿದ್ದಳು. ಮುಖ ನೋಡಿದರೆ ಗೊತ್ತಾಗುತ್ತಿತ್ತು. ಎಲ್ಲಿಂದ ಹೇಳಲಿ ಎಂದು ಯೋಚಿಸುತ್ತಿದ್ದಳು, ಒಂದು ಕೈ ಹೊಟ್ಟೆಯ ಹತ್ತಿರ ಹೋಯಿತು. ಆ ಹೊತ್ತಿಗೆ, ಒಂದು ಮಾತೂ ತಪ್ಪದಿರಲಿ ಎಂದು, ನಾನು ಪೆನ್ನು ತೆಗೆದುಕೊಂಡೆ.

ದುರ್ಗವ್ವ ಪೆನ್ನನ್ನು ನೋಡಿದಳು. ತೆರೆದ ಬಾಯಿ ಮುಚ್ಚಿದಳು.