ತಲೆಯಿಲ್ಲದ ಮಿಡತೆ

ಅತ್ತೆ ತೆಗೆದ ಫೋಟೋಗಳನ್ನು ಅಳಿಯ ಊಟದ ಮೇಜಿನ ಮೇಲೆ ಹರಡಿದ ಕೂಡಲೇ ಅವನ ಹೆಂಡತಿ ಕಿಸಕ್ಕನೆ ನಕ್ಕುಬಿಟ್ಟಳು. "ಅಯ್ಯೋ, ಮಿಡತೆಗೆ ತಲೇನೇ ಇಲ್ವಲ್ಲಮ್ಮ! ಈ ಜೇಡ ನೋಡು, ಅರ್ಧ ಕಾಲೇ ಮಾಯ!"

ಅತ್ತೆ ನಗಲಿಲ್ಲ. ಕನ್ನಡಕ ಏರಿಸಿಕೊಂಡು ಒಂದೊಂದನ್ನೇ ಎತ್ತಿ ನೋಡಿದರು. ರೀಲಿನುದ್ದಕ್ಕೂ ಅದೇ ಕಥೆ. ಹುಳುವಿನ ಮೇಲ್ಭಾಗ ಚಿತ್ರದಿಂದಾಚೆ, ಕೆಳಗೆ ಬೇಡದಷ್ಟು ಎಲೆ. ಕೊನೆಗೆ ಬಲಗೈಯನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ಅದನ್ನೇ ದಿಟ್ಟಿಸಿದರು.

"ಕೈ ನಡುಗ್ತಾ ಇದೆ ಅನ್ಸುತ್ತೆ. ನಂಗೇ ಗೊತ್ತಾಗಿಲ್ಲ."

ಅಳಿಯನೂ ನೋಡಿದ. ಆ ಕೈ ನಡುಗುವ ಕೈಯಲ್ಲ. ಗಂಡ ತೀರಿಕೊಂಡ ಮೇಲೆ ರಫು ಹಾಕಿ ಹಾಕಿಯೇ ಮಗಳನ್ನು ಓದಿಸಿದ ಕೈ ಅದು. ಇಲಿ ಕಡಿದ ರೇಷ್ಮೆಯಿರಲಿ, ಸಿಗರೇಟು ಸುಟ್ಟ ಕೋಟಿರಲಿ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ ಅತ್ತೆ ತೂತು ಮುಚ್ಚಿದರೆ, ತಂದುಕೊಟ್ಟವರೇ ಜಾಗ ಹುಡುಕಾಡಬೇಕು. ತಪ್ಪು ಎಲ್ಲಿದೆಯೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಬೇಕಿತ್ತು. ಬಾಯಿಂದ ಬಂದದ್ದು ಮಾತ್ರ ಬೇರೆ.

"ವಯಸ್ಸಾಯ್ತಲ್ಲ ಅತ್ತೆ, ಸ್ವಲ್ಪ ಹಾಗೇನೆ."

ಮಿಕ್ಸಿಯಿಂದ ಹಿಡಿದು ಮಂಚದವರೆಗೆ ಮನೆಗೆ ಏನು ಬರಬೇಕಾದರೂ ಆರಿಸುವವನು ಅವನೇ. ಯಾವ ಅಂಗಡಿಯವನ ಆಟವೂ ತನ್ನೆದುರು ನಡೆಯದು ಎಂಬ ಜಂಬ ಬೇರೆ. ಜೊತೆಯಲ್ಲೇ ಇರುವ ಅತ್ತೆಗೆ ಹೂಕುಂಡದ ಹುಳುಹುಪ್ಪಟೆಗಳ ಫೋಟೋ ತೆಗೆಯುವ ಹುಚ್ಚು ಹತ್ತಿದಾಗ, "ಫೋನಲ್ಲಿ ತೆಗೆದದ್ದು ಫೋನಲ್ಲೇ ಸತ್ತುಹೋಗುತ್ತೆ, ನಂಗೆ ರೀಲಿಂದೇ ಬೇಕು, ಹಳೇದಾದ್ರೂ ನಂಬ್ಕೊಳ್ಳೋ ಹಾಗಿರ್ಲಿ" ಎಂದಾಗ, ಹಳೆಯ ಕ್ಯಾಮೆರಾ ಮಾರುವ ಅಂಗಡಿಗೆ ಎದೆಯುಬ್ಬಿಸಿಕೊಂಡು ಹೊರಟವನೂ ಅವನೇ.

ಅಲ್ಲಿ ಅತ್ತೆಗೆ ಹಿಡಿಸಿದ್ದು ಬಣ್ಣ ಸವೆದ, ಇಟ್ಟಿಗೆಯಂತೆ ಭಾರವಾದ ಒಂದು ಕರಿ ಕ್ಯಾಮೆರಾ. ಅದರೊಳಗಿಂದ ತಮ್ಮ ಹೆಬ್ಬೆರಳನ್ನೇ ನೋಡಿಕೊಂಡು, "ಅಬ್ಬಾ, ಗೆರೆಗೆರೇನೂ ಕಾಣ್ತಿದೆ" ಎಂದು ಹಿಗ್ಗಿದ್ದರು. ಅವನು ಅದನ್ನು ಅವರ ಕೈಯಿಂದ ತೆಗೆದು ಗಾಜಿನ ಪೆಟ್ಟಿಗೆಯ ಮೇಲಿಟ್ಟ. "ಇದು ಗುಜರಿ ಅತ್ತೆ. ನಿಮಗೆ ಗೊತ್ತಾಗಲ್ಲ, ನಾನು ನೋಡ್ತೀನಿ." ಅವನು ನೋಡಿ ಕೊಂಡದ್ದು ಫಳಫಳ ಹೊಳೆಯುವ ಬೆಳ್ಳಿ ಬಣ್ಣದ್ದು. ಅತ್ತೆ ಮೆಟ್ಟಿಲಿಳಿದ ಮೇಲೆ ಅಂಗಡಿಯವನು ಮೆಲ್ಲಗೆ ಹೇಳಿದ್ದ:

"ಸಾರ್, ಇದ್ರಲ್ಲಿ ಕಣ್ಣಿಗೆ ಬೇರೆ ಕಿಂಡಿ, ಲೆನ್ಸು ಅದಕ್ಕಿಂತ ಕೆಳಗೆ. ಮನೆ, ಮನುಷ್ಯರು ಆದ್ರೆ ತೊಂದ್ರೆ ಇಲ್ಲ. ಹುಳದಷ್ಟು ಹತ್ರ ಹೋದ್ರೆ ನೀವು ನೋಡೋದೊಂದು, ಅದು ತೆಗೆಯೋದೊಂದು. ಕರೀದ್ರಲ್ಲಾದ್ರೆ ಲೆನ್ಸು ನೋಡಿದ್ದನ್ನೇ ಕಣ್ಣೂ ನೋಡುತ್ತೆ."

"ನನಗೇ ಟೋಪಿ ಹಾಕ್ತೀರೇನ್ರೀ?" ಎಂದು ನಕ್ಕು ಬಂದಿದ್ದ.

ಫೋಟೋ ನೋಡಿದ ಮರುದಿನ ಬೆಳಿಗ್ಗೆ ದರ್ಜಿ ರಫು ಹಾಕಿಸಲೆಂದು ಒಂದು ಉಣ್ಣೆ ಕೋಟು ತಂದ. ಅತ್ತೆ ಬಾಗಿಲಲ್ಲೇ ತಡೆದರು. "ಬೇರೆ ಯಾರಿಗಾದ್ರೂ ಕೊಡಪ್ಪ. ಇನ್ನೊಬ್ಬರ ಬಟ್ಟೆ, ಹಾಳುಮಾಡಿಬಿಟ್ರೆ? ನನ್ನ ಕೈ ಮೊದಲಿನ ಹಾಗಿಲ್ಲ."

ದರ್ಜಿ ನಂಬದೆ ಅಳಿಯನ ಮುಖ ನೋಡಿದ. ಅವನು ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿದವನು ಮೇಲೇಳಲು ನಾಚಿ ಹಾಗೇ ಕೂತ. ಹಿಂದೆ ಬೀರು ತೆರೆದ ಸದ್ದಾಯಿತು. ಅತ್ತೆ ಸೂಜಿಯ ಡಬ್ಬಿಯನ್ನು ಮೇಲಿನ ಅರೆಗೆ ಸೇರಿಸುತ್ತಿದ್ದರು.

ಕಚೇರಿಗೆ ಹೋಗಬೇಕಾದವನು ಬೆಳ್ಳಿ ಕ್ಯಾಮೆರಾ ಎತ್ತಿಕೊಂಡು ಅಂಗಡಿಗೆ ಹೋದ. ಅಂಗಡಿಯವನು ಒಂದು ಚುಚ್ಚುಮಾತೂ ಆಡದೆ ಕರಿಯದನ್ನು ಒರೆಸಿ ಕೊಟ್ಟ, ಆಡಿದ್ದರೇ ಚೆನ್ನಾಗಿತ್ತು. ಹೊರಬರುವ ಅವಸರದಲ್ಲಿ ಬಾಗಿಲ ಚಿಲಕಕ್ಕೆ ಸಿಕ್ಕಿ ಅಂಗಿಯ ತೋಳು ಪರ್ರೆಂದಿತು.

ದಾರಿಯುದ್ದಕ್ಕೂ ಉಪಾಯ ಹೊಸೆದ. 'ಇದು ಇನ್ನೂ ಒಳ್ಳೇದು ಅತ್ತೆ, ನಿಮಗೇಂತ ಬದಲಾಯಿಸ್ಕೊಂಡು ಬಂದೆ' ಎಂದುಬಿಟ್ಟರೆ ಕೆಲಸವೂ ಆಯಿತು, ಮಾನವೂ ಉಳಿಯಿತು. ಮನೆಯಲ್ಲಿ ಅತ್ತೆ ಕಿಟಕಿಯ ಬಳಿ ಬರಿಗೈಯಲ್ಲಿ ಕೂತಿದ್ದರು. ಆ ಹೊತ್ತಿನಲ್ಲಿ ಅವರ ಕೈ ಖಾಲಿ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲ. ಹೊಸೆದದ್ದೆಲ್ಲ ಬಾಯಿಗೆ ಬರದೆ ಹೋಯಿತು.

"ಅತ್ತೆ, ನಿಮ್ಮ ಕೈಗೇನೂ ಆಗಿಲ್ಲ. ಆ ಕ್ಯಾಮೆರಾನೇ ಹಾಗೆ, ಹತ್ರದ್ದಕ್ಕೆ ಆಗಲ್ಲ. ಅಂಗಡಿಯವನು ಅವತ್ತೇ ಹೇಳಿದ್ದ, ನಾನೇ ಕೇಳ್ಲಿಲ್ಲ." ತಡೆದು, ನೆಲ ನೋಡುತ್ತ ಸೇರಿಸಿದ, "ನಿನ್ನೆ ವಯಸ್ಸು ಅಂದ್ನಲ್ಲ, ಆಗ್ಲೂ ನಂಗೆ ಗೊತ್ತಿತ್ತು."

ಅತ್ತೆ ಕ್ಯಾಮೆರಾದ ಕಡೆ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಿದ್ದರು. ನಾಲ್ಕು ಮಾತು ಬೈದಿದ್ದರೆ ತಲೆತಗ್ಗಿಸಿ ಕೇಳಿಸಿಕೊಂಡು ಹಗುರಾಗುತ್ತಿದ್ದ.

"ಅಂಗಿ ಬಿಚ್ಚಿ ಕೊಡಿ," ಎಂದರು.

"ಅಯ್ಯೋ ಬೇಡ ಅತ್ತೆ..."

"ತೋಳು ಹರಿದಿದೆ. ಆ ಡಬ್ಬಿ ಇಳಿಸಿ."

ಅವರೆದುರು ಅಂಗಿಯಿಲ್ಲದೆ ಅವನು ಎಂದೂ ಕೂತವನಲ್ಲ. ಎದ್ದುಹೋಗಿ ಬೇರೆಯದು ತೊಟ್ಟುಕೊಳ್ಳಬಹುದಿತ್ತು, ಏಳಲಾಗಲಿಲ್ಲ. ಬನಿಯನ್ನಿನಲ್ಲಿ, ಕೈಗಳನ್ನು ಮೊಣಕಾಲ ನಡುವೆ ಹುದುಗಿಸಿಕೊಂಡು ಸ್ಟೂಲಿನ ಮೇಲೆ ಕೂತ. ಅತ್ತೆ ಒಳಮಡಿಕೆಯಿಂದ ಎಳೆ ಬಿಡಿಸಿದರು. ಸೂಜಿಯನ್ನು ಬೆಳಕಿಗೆ ಹಿಡಿದು ಕೊಂಚ ಹೊತ್ತು ಸುಮ್ಮನೆ ನೋಡಿದರು, ಆಮೇಲೆ ಪೋಣಿಸಿದರು. ಒಂದೆಳೆ ಮೇಲೆ, ಒಂದೆಳೆ ಕೆಳಗೆ. ಮಧ್ಯಾಹ್ನವೆಲ್ಲ ಹಾಗೇ ಕಳೆಯಿತು.

ಕೆಲಸ ಮುಗಿಸಿ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಇದೇನ್ರೀ, ಬನಿಯನ್ನಲ್ಲಿ ಕೂತಿದ್ದೀರ? ಏನಾಯ್ತಮ್ಮ?"

"ಏನಿಲ್ಲ, ತೋಳು ಹರಿದಿತ್ತು," ಎಂದರು ಅತ್ತೆ, ಹಲ್ಲಿನಿಂದ ನೂಲು ಕಡಿಯುತ್ತ.

ಅವನು ಅಂಗಿ ತೊಟ್ಟುಕೊಂಡ. ಹರಿದಿದ್ದ ಜಾಗಕ್ಕಾಗಿ ತೋಳಿನ ಮೇಲೆ ಬೆರಳಾಡಿಸಿದ, ಸಿಗಲಿಲ್ಲ. ಕಿಟಕಿಯ ಬೆಳಕಿಗೆ ತಿರುಗಿ ಮತ್ತೊಮ್ಮೆ ಹುಡುಕಿದ.