ಖರ್ಚಾಗದ್ದು

"ಎಷ್ಟು ವರ್ಷ ಅಂತ ಕಾಯೋದು? ಖರ್ಚಾಗೋ ಲಕ್ಷಣವೇ ಇರ್ಲಿಲ್ಲ. ಈಗೇನೋ ಕೇಳೋರು ಬಂದಿದಾರೆ, ಕೊಟ್ಟು ಕೈತೊಳ್ಕೊಂಡ್ಬಿಡ್ತೀನಿ."

ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತ ತಮ್ಮ, ಫೋನಿನಲ್ಲಿ ಹೇಳುತ್ತಿದ್ದ. ಮನೆಯಿಂದ ಊಟದ ಡಬ್ಬಿ ತಂದ ಅಕ್ಕ ಹಿಂಬಾಗಿಲಲ್ಲೇ ನಿಂತುಬಿಟ್ಟಳು. ಅಂಗಡಿಯವರ ಬಾಯಲ್ಲಿ ಖರ್ಚು ಎಂದರೆ ದುಡ್ಡು ಹೋಗುವುದಲ್ಲ, ಮಾಲು ಹೋಗುವುದು. ಇಪ್ಪತ್ತು ವರ್ಷ ಅಲ್ಲೇ ಬಟ್ಟೆ ಅಳೆದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ನೆಂಟರ ಮದುವೆಗಳಲ್ಲಿ ಸೋದರತ್ತೆ ಅದೇ ಮಾತನ್ನು ಅವಳಿಗೂ ಅಂಟಿಸುತ್ತಿದ್ದಳು: "ಏನೇ, ನೀನಿನ್ನೂ ಖರ್ಚಾಗ್ಲಿಲ್ವಾ?" ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು, ನಕ್ಕೂ ನಕ್ಕೂ ದವಡೆ ಸೋತಿತ್ತು.

ಹೋದ ವಾರ ಗಡಿಯಾರ ರಿಪೇರಿಯವರೊಬ್ಬರು ಅವಳನ್ನು ಮದುವೆಗೆ ಕೇಳಿಕೊಂಡು ಬಂದಿದ್ದರು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತಂತೆ. ನಲವತ್ತಾರಕ್ಕೆ ಇದೇನು ಹೊಸ ರಗಳೆ ಎಂದುಕೊಂಡು, ನೋಡೋಣ ಎಂದಷ್ಟೇ ಹೇಳಿ ಸುಮ್ಮನಾಗಿದ್ದಳು. ಈಗ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಮನೆಗೆ ವಾಪಸಾದವಳೇ ತಮ್ಮನ ಹೆಂಡತಿಗೆ, "ಆಗ್ಲಿ ಅಂತ ಆ ಗಡಿಯಾರದವರಿಗೆ ಹೇಳಿಬಿಡು" ಎಂದಳು.

ಸಂಜೆ ಬಾಡಿದ ಮುಖ ಹೊತ್ತು ತಮ್ಮ ಬಂದ. "ಅಕ್ಕಾ, ನಾವೇನಾದ್ರೂ ಅಂದ್ವಾ? ನೀನ್ಯಾಕೆ ಈ ಮನೆ ಬಿಟ್ಟು ಹೋಗ್ಬೇಕು?"

"ಖರ್ಚಾಗ್ತಿಲ್ಲ, ಕೈತೊಳ್ಕೊಳ್ತೀನಿ ಅಂತ ಫೋನಲ್ಲಿ ನೀನೇ ಹೇಳ್ತಿದ್ಯಲ್ಲೋ."

ಅವನು ಕಣ್ಣುಕಣ್ಣು ಬಿಟ್ಟ. ಆಮೇಲೆ ಹಣೆ ಚಚ್ಚಿಕೊಂಡ. "ಅಯ್ಯೋ, ಅದು ಆ ಹಳದಿ ಪರದೆ ಬಟ್ಟೆ ಕಣೇ! ಹೋಟೆಲಿನೋರು ಅಷ್ಟನ್ನೂ ಎತ್ಕೊಂಡು ಹೋದ್ರು."

ಅವಳಿಗೆ ನಗು ಬರಲಿಲ್ಲ. ಆ ಬಟ್ಟೆಯನ್ನು ವಾರಕ್ಕೊಮ್ಮೆ ಕೊಡವಿ ಇಡುತ್ತಿದ್ದವಳೇ ಅವಳು. ಆದರೂ ಅದು ಬಟ್ಟೆಯ ಮಾತಿರಬಹುದೆಂದು ಒಂದು ಗಳಿಗೆಯೂ ಹೊಳೆದಿರಲಿಲ್ಲ. ಅದನ್ನು ನೆನೆದೇ ಅವಳಿಗೆ ಅಳು ಬಂತು.

"ಬೇಡ ಅಂತ ಅವರಿಗೆ ಹೇಳಿಬಿಡ್ಲಾ?" ಎಂದು ಫೋನು ತೆಗೆದ ತಮ್ಮ.

"ಕೊಡು ಇಲ್ಲಿ, ನಾನೇ ಹೇಳ್ತೀನಿ."

ಆ ಕಡೆ ಗಡಿಯಾರದವರು ಏದುಸಿರು ಬಿಡುತ್ತಿದ್ದರು. "ಮಧ್ಯಾಹ್ನದಿಂದ ಮನೆ ಗುಡಿಸ್ತಾ ಇದೀನಿ. ನೀವೇ ಫೋನ್ ಮಾಡಿದ್ದು ಒಳ್ಳೇದಾಯ್ತು. ಎರಡು ಕೋಣೆ ಇದೆ ನೋಡಿ, ನಿಮಗೆ ಯಾವುದು ಬೇಕು ಅಂತ ಕೇಳೋದೇ ಮರ್ತಿದ್ದೆ."

ಬೇಡ ಎನ್ನಲೆಂದೇ ಅವಳು ಫೋನು ಇಸಿದುಕೊಂಡಿದ್ದಳು. ಎದುರಿಗೆ ನಿಂತ ತಮ್ಮ, ಹೇಳು ಹೇಳು ಎಂದು ಕೈಸನ್ನೆ ಮಾಡುತ್ತಿದ್ದ. ಅವಳು ಅವನಿಗೆ ಬೆನ್ನು ಮಾಡಿ, ಕುರ್ಚಿ ಎಳೆದುಕೊಂಡು ಕೂತಳು.

"ಬೆಳಿಗ್ಗೆ ಬಿಸಿಲು ಬರೋದು ಯಾವ ಕೋಣೆಗೆ?" ಎಂದು ಕೇಳಿದಳು.