ಒಂದು ಚಿಟಿಕೆ ಸತು

"ಇನ್ನೊಂದು ಚಮಚ ಪುಡಿ ಹಾಕ್ಲಾ?" ಕಪ್ಪು ಪರದೆಯ ಒಳಗಿನಿಂದ ಸತುವಮ್ಮ ಕೇಳಿದಳು.

"ಹಾಕಮ್ಮಾ, ಧಾರಾಳವಾಗಿ ಹಾಕು. ಕೈ ಬಿಗಿ ಹಿಡೀಬೇಡ," ಎಂದ ತಾಮ್ರಣ್ಣ, ಹೊರಗೆ ಗಾಜಿನ ಪಾತ್ರೆ ಒರೆಸುತ್ತ.

ಆ ಪ್ರಯೋಗಾಲಯದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಬಾಗಿಲ ಹೊರಗೇ ಉಳಿಯುತ್ತಿತ್ತು. ಯಾರ ಪಾಲಿಗೆ ಯಾವ ಲೋಹ ಬಂತೋ ಅದೇ ಅವರ ಹೆಸರು. ಆಲ್ಡಿಹೈಡು, ಅಮೀನು ಎಂಬೆರಡು ರಾಸಾಯನಿಕಗಳನ್ನು ಆಲ್ಕೋಹಾಲಿನಲ್ಲಿ ಕುದಿಸಿದರೆ ಷಿಫ್ ಬೇಸ್ ಎಂಬ ಹಳದಿ ಪುಡಿ ಇಳಿಯುತ್ತದೆ. ಅದು ಲೋಹವನ್ನು, ಮಗುವನ್ನು ಕಂಕುಳಿಗೆ ಎತ್ತಿಕೊಂಡ ಹಾಗೆ, ನಾಲ್ಕು ಕಡೆಯಿಂದ ಹಿಡಿದುಕೊಳ್ಳುತ್ತದೆ. ತಾಮ್ರ ಕೂತರೆ ಇದ್ದ ಬೆಳಕೂ ಆರಿಹೋಗುತ್ತದೆ. "ನಂದು ಹುಟ್ಟಾ ಸೋಂಬೇರಿ, ಅದರಿಂದ ಯಾರಿಗೂ ನಿರೀಕ್ಷೆನೇ ಇಲ್ಲ, ನಾನು ಆರಾಮ," ಎನ್ನುತ್ತಿದ್ದ ತಾಮ್ರಣ್ಣ. ಸತು ಕೂತರೆ ಮಾತ್ರ, ಕಣ್ಣಿಗೆ ಕಾಣದ ನೇರಳಾತೀತ ಬೆಳಕಿನ ದೀಪದ ಕೆಳಗೆ, ಹೊಳೆಯಬೇಕು.

ಒಂದು ಸಲ ಹೊಳೆದಿತ್ತು. ಮೊದಲ ಸಲ ಮಾಡಿದಾಗ ಸಿಕ್ಕಿದ್ದೇ ಒಂದು ಚಿಟಿಕೆ ಪುಡಿ. ಅದನ್ನು ಕರಗಿಸಿ ದೀಪ ಹಿಡಿದಾಗ ಎಳೆಯ ನೀಲಿ ಬೆಳಕು ಕಂಡಿತ್ತು. ಆಗ ಕೋಣೆಯಲ್ಲಿದ್ದವಳು ಸತುವಮ್ಮ ಒಬ್ಬಳೇ. ಅವಳ ಮಾತಿನ ಮೇಲೆ, ಪ್ರಯೋಗಾಲಯ ನಡೆಸುವ ಮೇಡಂ ತಮ್ಮ ಸಂಶೋಧನಾ ಲೇಖನದಲ್ಲಿ ಬೆಳಕಿನದೇ ಒಂದು ಭಾಗ ಬರೆದರು. ಊರಿನಲ್ಲಿದ್ದ ಅಪ್ಪನಿಗೂ ಹೇಳಿಕೊಂಡಿದ್ದಳು. ಬೆಳಗು ಸಂಜೆ ರಾಗವಾಗಿ ಪದ್ಯ ಹೇಳಿಕೊಳ್ಳುವ ಅಪ್ಪ, ಫೋನಿನಲ್ಲಿ ದಿನವೂ ಕೇಳುವುದು ಒಂದೇ: "ನಿನ್ನ ದೀಪ ಹೇಗಿದೆಯಮ್ಮಾ?"

ಆಮೇಲೆ ಕೈತುಂಬ ಪುಡಿ ಮಾಡಿದಳು. ಹರಳು ಬಂತು. ಎಕ್ಸ್-ರೇಯಲ್ಲಿ ಅದರ ರಚನೆಯೂ ಸಿಕ್ಕಿತು. ಸತು ನಟ್ಟನಡುವೆ ಠೀವಿಯಿಂದ ಕೂತಿತ್ತು. ಎಲ್ಲ ಸರಿ, ಬೆಳಕೊಂದೇ ಇಲ್ಲ. ದೀಪ ಹಿಡಿದ ಕಡೆ ಗಾಜಿನ ಅಂಚಿಗೆ ಮಂಕಾದ ಒಂದು ಪೊರೆ, ಅಷ್ಟೇ. ಬೆಳಕು ಅಳೆಯುವ ಯಂತ್ರದಲ್ಲಿಟ್ಟರೆ ಗೆರೆ ಅಂಗಾತ ಮಲಗಿಬಿಡುತ್ತಿತ್ತು. ಪುಡಿ ಸಾಲದೇನೋ ಎಂದು ಮತ್ತಷ್ಟು ಹಾಕಿದಳು, ಇನ್ನಷ್ಟು ಹಾಕಿದಳು.

ಮೇಡಂ ಪರದೆ ಸರಿಸಿ ಇಣುಕಿದರು. "ಸಂಜೆ ಲೇಖನ ಕಳಿಸ್ಬೇಕಮ್ಮ. ಬೆಳಕಿನ ಭಾಗ ತೆಗೆದುಬಿಡ್ಲಾ?" ದನಿ ತಗ್ಗಿಸಿ, "ಆವತ್ತು ನೀನು ಕಣ್ಣಾರೆ ನೋಡಿದ್ದೆ, ಅಲ್ವಾ?" ಎಂದರು.

"ನೋಡಿದ್ದೆ ಮೇಡಂ."

ಗದರಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆದುವಾದ ದನಿ ತಡೆಯಲಾಗದೆ ದೀಪದ ಕಡೆ ತಿರುಗಿಕೊಂಡಳು.

"ನಿನ್ನ ಬಿಳಿ ಕೋಟು ಹೊಳೆದಿರಬೇಕು ಬಿಡು. ಆ ದೀಪದ ಕೆಳಗೆ ಬಟ್ಟೆ ಒಗೆಯೋ ಸೋಪಿನ ಪುಡಿನೂ ನೀಲಿಯಾಗತ್ತೆ," ಎಂದ ತಾಮ್ರಣ್ಣ, ಮೇಡಂ ಹೋದ ಮೇಲೆ. ತಮಾಷೆಗೆ ಅಂದದ್ದು. ಆದರೆ ಈ ವಾರವೆಲ್ಲ ಅವಳ ಎದೆಯೊಳಗೆ ಕೊರೆಯುತ್ತಿದ್ದುದೂ ಅದೇ.

ದಟ್ಟ ಹಳದಿ ದ್ರಾವಣವನ್ನು ತ್ಯಾಜ್ಯದ ಕ್ಯಾನಿಗೆ ಸುರಿದಳು. ನಳಿಗೆಗೆ, ಪುಡಿ ಬೆರೆಸದ ಬರೀ ದ್ರಾವಕ ಹಾಕಿ ಅಲುಗಿಸಿ ಚೆಲ್ಲಿದಳು. ಮತ್ತೊಮ್ಮೆ ಹಾಕಿ ಚೆಲ್ಲಿದಳು. ತುಟಿ ತನ್ನಷ್ಟಕ್ಕೆ ಅಪ್ಪನ ಯಾವುದೋ ಪದ್ಯ ಗುನುಗುತ್ತಿತ್ತು. ಮೂರನೆಯ ಸಲ ದ್ರಾವಕ ತುಂಬಿ, ಚೆಲ್ಲುವ ಮೊದಲು ಕೊಳೆ ಉಳಿದಿದೆಯೇ ಎಂದು ನಳಿಗೆಯನ್ನು ಎತ್ತಿ ಹಿಡಿದಳು. ದೀಪ ಆರಿಸುವುದು ಮರೆತಿತ್ತು.

ನಳಿಗೆಯ ತುಂಬ ನೀಲಿ.

ಮೊದಲು ಅವಳು ಕೋಟಿನ ತೋಳನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಕೋಟನ್ನೇ ಬಿಚ್ಚಿ ಪರದೆಯಾಚೆ ಎಸೆದಳು. ನೀಲಿ ಅಲ್ಲೇ ಇತ್ತು.

"ಅಣ್ಣಾ!"

"ಏನಾಯ್ತೇ? ಕೈ ಸುಟ್ಕೊಂಡ್ಯಾ?"

"ಒಳಗೆ ಬಾ. ಕೋಟು ಬಿಚ್ಚಿಟ್ಟು ಬಾ."

ಬಂದವನು ಬಗ್ಗಿ ನೋಡಿದ. ಇನ್ನೊಂದು ನಳಿಗೆಗೆ ಬರೀ ದ್ರಾವಕ ತುಂಬಿ ಪಕ್ಕಕ್ಕೆ ಹಿಡಿದ. ಅದು ಕತ್ತಲಾಗಿಯೇ ಇತ್ತು.

"ಅಯ್ಯೋ ಪುಣ್ಯಾತ್ಗಿತ್ತಿ! ಹಾಕು ಹಾಕು ಅಂತ ಅಂದವನು ನಾನೇ ಅಲ್ವಾ? ಪುಡಿ ಹೆಚ್ಚಾಗಿದ್ದೇ ಎಡವಟ್ಟು. ಮನೆ ತುಂಬ ನೆಂಟರು, ಇರೋದೊಂದೇ ಕಿಟಕಿ. ಮುಂದೆ ನಿಂತವೇ ಬೆಳಕೆಲ್ಲ ನುಂಗಿ ಕೂತಿವೆ, ಹಿಂದಿನವಕ್ಕೆ ಏನು ಸಿಗತ್ತೆ?" ಎಂದವನೇ, "ಮೇಡಂ!" ಎಂದು ಕೂಗುತ್ತ ಓಡಿದ.

ಮೇಡಂ ಬಂದು ನೋಡಿದರು. ನಳಿಗೆಯಲ್ಲಿದ್ದುದರ ಅರ್ಧವನ್ನು ತಾವೇ ಯಂತ್ರಕ್ಕಿಟ್ಟರು. ಇಷ್ಟು ದಿನ ಮಲಗಿದ್ದ ಗೆರೆ ಮೆಲ್ಲಗೆ ಎದ್ದು, ಗುಡ್ಡ ಹತ್ತಿ, ಆಚೆ ಇಳಿಯಿತು.

"ಆ ಭಾಗ ಇರ್ಲಿ," ಎಂದರು ಮೇಡಂ. ಹೋಗುವಾಗ ಅವಳ ಬೆನ್ನ ಮೇಲೊಮ್ಮೆ ಕೈಯಿಟ್ಟರು.

ಸತುವಮ್ಮ ದೀಪದ ಎದುರಿನ ಸ್ಟೂಲಿನ ಮೇಲೆ ಕೂತಳು. ಅಪ್ಪನಿಗೆ ಫೋನು ಮಾಡಿದಳು. ಅಪ್ಪ ಎತ್ತಿದರು, ಆದರೆ ಪದ್ಯದ ನಡುವೆ ಇದ್ದರು, ಯಾರು ಕರೆದರೂ ಹಿಡಿದ ಪದ್ಯವನ್ನು ಅರ್ಧಕ್ಕೆ ಬಿಡುವವರಲ್ಲ. ಅವಳು ಫೋನನ್ನು ಕಿವಿಗೊತ್ತಿಕೊಂಡಳು. ಆ ದನಿ ಏರಿ, ತಿರುಗಿ, ನಿಧಾನವಾಗಿ ಇಳಿಯುತ್ತಿತ್ತು. ಇನ್ನೊಂದು ಕೈಯಲ್ಲಿ ಉಳಿದರ್ಧ ನಳಿಗೆ. ಅದರ ನೀಲಿ ಅವಳ ಬೆರಳ ಸಂದುಗಳಲ್ಲಿ ತುಂಬಿಕೊಂಡಿತ್ತು. ಪದ್ಯ ಮುಗಿಯಲೆಂದು ಅವಳು ಕಾದಳು.